ದಾರಿಯಲ್ಲಿ ಇಟ್ಟು ಬಂದ ಕರೆ

ನಡೆದದ್ದೋ ನಡೆಯದ್ದೋ, ಅದನ್ನು ಕೇಳಬೇಡಿ. ನೆಟ್ಟಗೆ ಕೂತು ಕತೆ ಕೇಳಿ.

ಹುಣಸೇಕಟ್ಟೆ ಅಂತ ಒಂದು ಊರು. ಆ ಊರಲ್ಲಿ ಬೊಮ್ಮಕ್ಕ ಅಂತ ಒಬ್ಬ ತಾಯಿ. ಅವಳಿಗೆ ಪಾಲಯ್ಯ ಅಂತ ಒಬ್ಬನೇ ಮಗ. ಮಗನಿಗೆ ಮೀಸೆ ಬಂದಿತ್ತು, ಅಗಲವಾದ ಹೆಗಲು ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು.

ನೀರು ತಾರೋ ಅಂದರೆ ಕೊಡ ಹೊತ್ತು ಬಾವಿಗೆ ಹೋಗುತ್ತಿದ್ದ. ಬಾವಿಯೊಳಗೆ ಆಕಾಶ ಕಾಣುತ್ತಿತ್ತು. ಆಕಾಶದಲ್ಲಿ ಮೋಡ ತೇಲುತ್ತಿತ್ತು. ಮೋಡ ನೋಡುತ್ತ ನೋಡುತ್ತ, ಬಂದದ್ದು ಯಾಕೆಂಬುದೇ ಮರೆತು ಖಾಲಿ ಕೊಡ ಹೊತ್ತು ಬರುತ್ತಿದ್ದ.

"ನೀರೆಲ್ಲೋ?"

"ಬಾವೀಲಿದೆ ಅವ್ವ. ಚೆನ್ನಾಗಿದೆ!"

ಬೊಮ್ಮಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು. ಯಾಕೆಂದರೆ ಅವರದು ಕರೆ ಹೇಳುವ ಮನೆ. ಆ ಸೀಮೆಯಲ್ಲಿ ಒಳ್ಳೆಯ ಕೆಲಸಕ್ಕೆ ಕಾಗದ ಬರೆಯುವಂತಿರಲಿಲ್ಲ, ಬಾಯಿಂದ ಹೋದ ಕರೆಯೇ ಕರೆ. ಕರೆಯವನು ಬೀಗರ ಹೊಸ್ತಿಲ ಮುಂದೆ ಕೋಲು ಊರಿ "ಕರೆ ಬಂದಿದೆ" ಅಂದನೋ, ಮನೆಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನಿಲ್ಲಬೇಕು. ಕರೆ ಮುಗಿಯುವ ತನಕ ಯಾರೂ ಅವನನ್ನು ಬಿಟ್ಟು ಹೋಗುವಂತಿಲ್ಲ. ಬಿಟ್ಟು ಹೋದರೆ ಕರೆ ಮುರಿದಂತೆ, ಕರೆ ಮುರಿದರೆ ಸಂಬಂಧ ಮುರಿದಂತೆ. ಕರೆಯಲ್ಲಿ ಒಂದು ಮಾತು ಬಿಟ್ಟುಹೋದರೂ ಬೀಗರಿಗೆ ಅವಮಾನ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಕರೆಯವರ ಮನೆಗೆ ಇಷ್ಟಿಷ್ಟು ರಾಗಿ ಬರುತ್ತಿತ್ತು. ವರ್ಷವೆಲ್ಲ ಅದೇ ಮುದ್ದೆ.

ಪಾಲಯ್ಯನ ಅಪ್ಪ ಬದುಕಿರುವ ತನಕ ಒಂದು ಮಾತು ಬೀಳಿಸಿದವನಲ್ಲ. ಅವನು ಹೋದ. ಬೊಮ್ಮಕ್ಕನ ಮೊಣಕಾಲು ಹಿಡಿದುಕೊಂಡವು. ಉಳಿದದ್ದು ಪಾಲಯ್ಯ.

ಅಷ್ಟರಲ್ಲಿ ಊರ ಗೌಡ ತಿಪ್ಪೇಶಪ್ಪನ ಮಗಳಿಗೆ ಹಳ್ಳದಾಚೆಯ ಊರು ಕರೇಕಲ್ಲಿನ ಸೂರಯ್ಯಜ್ಜನ ಮೊಮ್ಮಗನ ಕಡೆಯಿಂದ ಮದುವೆಯ ಮಾತು ಬಂತು. ಗೌಡ ಬೊಮ್ಮಕ್ಕನನ್ನು ಕರೆಸಿದ.

"ಈ ಮದುವೆ ಕರೆಯೆಲ್ಲ ನಿನ್ನ ಮಗನೇ ಹೇಳಲಿ. ಕಡೆಯದು ಧಾರೆಯ ಕರೆ. ಅದು ಪೂರ್ತಿ ಮುಟ್ಟಿದರೆ ಕೋಲು ನಿಮ್ಮನೇಲೇ ಇರಲಿ. ಮುಟ್ಟಲಿಲ್ಲವೋ, ಕೋಲು ಬೇರೆ ಮನೆಗೆ. ರಾಗೀನೂ ಅಷ್ಟೇ."

"ಆಗಲಿ ಗೌಡ್ರೇ" ಅಂದಳು ಬೊಮ್ಮಕ್ಕ. ಆಗಲಾರದು ಅಂತ ಅವಳಿಗೆ ಗೊತ್ತಿತ್ತು.

ಮೊದಲು ಹೆಣ್ಣು ನೋಡುವ ಕರೆ. ಗೌಡ ಹೇಳಿದ, "ಸೋಮವಾರ ಹೆಣ್ಣು ನೋಡಲಿಕ್ಕೆ ಬರಬೇಕು ಅನ್ನು. ಹುಡುಗನ ಸೋದರತ್ತೆ ಬರಲೇಬೇಕು. ಹೂವು ಹಣ್ಣು ಅವರು ತರಲಿ. ಊಟ ನಮ್ಮಲ್ಲೇ. ಅವರ ಮನೆಯ ಆ ಕೆಂದು ನಾಯಿ ಒಂದು ತರೋದು ಬೇಡ. ನಮ್ಮ ಕೋಳಿ ಬದುಕೋದಿಲ್ಲ."

ಕಂಬಳಿ ಹೆಗಲಿಗೆ, ಕೋಲು ಕೈಗೆ, ಕರೆ ತಲೆಗೆ. ಪಾಲಯ್ಯ ಹೊರಟ.

ಪಾಲಯ್ಯನ ತಲೆಯನ್ನು ಒಂದು ಕೊಟ್ಟಿಗೆ ಅನ್ನಿ. ಅದರಲ್ಲಿ ನಾಲ್ಕೋ ಐದೋ ಗೂಟ. ಅಷ್ಟಕ್ಕೂ ಮಾತು ಕಟ್ಟಿದ ಮೇಲೆ ಇನ್ನೊಂದು ಬಂತೆಂದರೆ, ಒಳಗಿದ್ದದ್ದೊಂದು ಹಗ್ಗ ಬಿಚ್ಚಿಕೊಂಡು ಹೊರಗೆ ನಡೆಯುತ್ತಿತ್ತು. ನಗಬೇಡಿ. ನಿಮ್ಮ ಕೊಟ್ಟಿಗೆಯಲ್ಲೂ ಗೂಟ ಅಷ್ಟೇ. ನೀವು ಬಾಗಿಲು ಮುಚ್ಚಿಕೊಂಡು ನಡೆಯುತ್ತೀರಿ, ಅವನು ತೆರೆದಿಟ್ಟುಕೊಂಡು ನಡೆಯುತ್ತಿದ್ದ.

ಜೋಡಿಬೇವಿನ ನೆರಳಲ್ಲಿ ಗಾಳಿ ಜೋಕಾಲಿ ಆಡುತ್ತಿತ್ತು. ಗಾಳಿ ಒಳಗೆ ಬಂತು, ಸೋಮವಾರ ಹೊರಗೆ ಹೋಯಿತು. ಹಳ್ಳದ ಮರಳಲ್ಲಿ ಹಕ್ಕಿ ಓಡಾಡಿದ ಹೆಜ್ಜೆ ಇತ್ತು. ಹೆಜ್ಜೆ ಒಳಗೆ ಬಂತು, ಸೋದರತ್ತೆ ಹೊರಗೆ ಹೋದಳು. ಕರೇಕಲ್ಲಿನ ಗುಡ್ಡದ ಮೇಲೆ ಎಮ್ಮೆಯಂಥ ಮೋಡ ಮಲಗಿತ್ತು. ಅಷ್ಟು ದೊಡ್ಡ ಮೋಡ ಒಳಗೆ ಬರಬೇಕಾದರೆ ಜಾಗ ಬೇಡವೇ? ಹೂವು, ಹಣ್ಣು, ಊಟ ಒಟ್ಟಿಗೇ ಎದ್ದು ಹೋದವು.

"ಕರೆ ಬಂದಿದೆ!" ಅಂದ ಪಾಲಯ್ಯ, ಸೂರಯ್ಯಜ್ಜನ ಹೊಸ್ತಿಲ ಮುಂದೆ. ಮನೆಮಂದಿಯೆಲ್ಲ ಬಂದು ನಿಂತರು.

"ಕೆಂದು ನಾಯಿ ತರಬೇಡಿ!"

ಎಲ್ಲರೂ ಕಾದರು. ಮತ್ತೆ ಮಾತಿಲ್ಲ.

"ಎಲ್ಲಿಗೆ ತರಬಾರದಪ್ಪಾ?" ಅಂದ ಸೂರಯ್ಯಜ್ಜ.

"ಅದು ಹೊರಟುಹೋಯಿತು."

"ನಾಯಿಯಾ?"

"ಇಲ್ಲ, ಎಲ್ಲಿಗೆ ಅನ್ನೋದು."

ಬೀಗರಿಗೆ ಸಿಟ್ಟು ಬಂತು. ನಾಯಿ ತರಬೇಡಿ ಅಂತ ಹೇಳಲಿಕ್ಕೆ ಆಳು ಕಳಿಸುತ್ತಾರೆಯೇ! ಕಡೆಗೆ ಗೌಡನೇ ಹೋಗಿ ಕೈ ಮುಗಿದು ಸಮಾಧಾನ ಮಾಡಿ ಬರಬೇಕಾಯಿತು. ಹೆಣ್ಣು ನೋಡಿದರು, ಒಪ್ಪಿದರು.

ಬೊಮ್ಮಕ್ಕ ಬೈದಳು. "ಅಯ್ಯೋ ನನ್ನ ಕರ್ಮವೇ! ಕೇಳಿದ್ದನ್ನ ಬಾಯಲ್ಲಿ ಹೇಳ್ತಾ ಹೇಳ್ತಾ ಹೋಗಬೇಕು ಕಣೋ! ಅವರ ಹೊಸ್ತಿಲು ಸಿಗೋವರೆಗೂ ಹೇಳ್ತಾನೇ ಇರಬೇಕು. ನಡುವೆ ಬೇರೆ ಮಾತು ಸೇರಿಸಬಾರದು, ಬೇರೆ ಮಾತಿಗೆ ಕಿವಿ ಕೊಡಬಾರದು. ತಿಳೀತಾ?"

"ತಿಳೀತು ಅವ್ವ!"

ಎರಡನೆಯದು ವೀಳ್ಯದ ಕರೆ. "ಗುರುವಾರ ವೀಳ್ಯ. ಎಲೆ ಅಡಿಕೆ ನಿಮ್ಮದು, ಕಾಯಿ ನಮ್ಮದು, ಹಿರಿಯರೆಲ್ಲ ಬರಬೇಕು."

ಕಂಬಳಿ ಹೆಗಲಿಗೆ, ಕೋಲು ಕೈಗೆ, ಕರೆ ಬಾಯಿಗೆ. ಪಾಲಯ್ಯ ಹೊರಟ.

"ಗುರುವಾರ ವೀಳ್ಯ, ಎಲೆ ಅಡಿಕೆ ನಿಮ್ಮದು, ಕಾಯಿ ನಮ್ಮದು, ಹಿರಿಯರೆಲ್ಲ ಬರಬೇಕು. ಗುರುವಾರ ವೀಳ್ಯ, ಎಲೆ ಅಡಿಕೆ ನಿಮ್ಮದು..." ಕಾಲಿಗೆ ಮುಳ್ಳು ಚುಚ್ಚಿತು. ಅಯ್ಯೋ ಅನ್ನಲಿಲ್ಲ. ಅಯ್ಯೋ ಬೇರೆ ಮಾತು. ಹೇಳುತ್ತ ಹೇಳುತ್ತ ಅವನಿಗೆ ಹೆಜ್ಜೆ ಯಾವುದು ಮಾತು ಯಾವುದು ತಿಳಿಯದಾಯಿತು. ದಾರಿಯೇ ಹೇಳುತ್ತಿದೆ, ತಾನು ಕೇಳುತ್ತ ತೇಲುತ್ತಿದ್ದೇನೆ ಅನ್ನಿಸಿತು.

ಹಿಂದಿನಿಂದ ಗೌಡ ಓಡಿ ಬಂದ. ಮೈಭಾರದ ಮನುಷ್ಯ, ಏದುಸಿರು.

"ಪಾಲಯ್ಯ! ನಿಲ್ಲಲೇ! ಗುರುವಾರ ಮನೆಗೆ ಸುಣ್ಣ ಬಳಿಯೋದಿದೆ! ಶುಕ್ರವಾರ ಅನ್ನು!"

"ಗುರುವಾರ ವೀಳ್ಯ..."

"ಶುಕ್ರವಾರ ಕಣಲೇ!"

"...ಎಲೆ ಅಡಿಕೆ ನಿಮ್ಮದು..."

"ಲೇ, ನಾನು ಗೌಡ! ನಾನೇ ಹೇಳ್ತಾ ಇದೀನಿ!"

"...ಕಾಯಿ ನಮ್ಮದು!" ಅಂದವನೇ ಪಾಲಯ್ಯ ಕಿವಿಗೆ ಕಂಬಳಿ ಸುತ್ತಿಕೊಂಡು ಓಡಿದ. ಗೌಡನೂ ಓಡಿದ. ಹಳ್ಳದ ಮರಳಲ್ಲಿ ಗೌಡನ ಕಾಲು ಹೂತಿತು. ಅಲ್ಲೇ ಕೂತ.

ಗುರುವಾರ ಬೆಳಗ್ಗೆ ಕರೇಕಲ್ಲಿನ ಹಿರಿಯರೆಲ್ಲ ಎಲೆ ಅಡಿಕೆ ತಟ್ಟೆ ಹಿಡಿದು ಬಂದಾಗ, ಗೌಡ ಹರಕು ಪಂಚೆ ಮೇಲೆ ಕಟ್ಟಿ ಏಣಿಯ ತುದಿಯಲ್ಲಿದ್ದ. ಮೀಸೆಯ ಮೇಲೂ ಸುಣ್ಣ. ವೀಳ್ಯ ಹೇಗೋ ಆಯಿತು. ಆದರೆ ಬೀಗತಿಯ ಹೊಸ ಸೀರೆಗೆ ಹತ್ತಿದ ಸುಣ್ಣ ಹೋಗಲಿಲ್ಲ, ಮಾತೂ ಹೋಗಲಿಲ್ಲ.

ಬೊಮ್ಮಕ್ಕ ಮತ್ತೆ ಬೈದಳು. "ಗಿಳಿಯಾಗು ಅಂದೆನೇನೋ ನಾನು? ಬರೀ ಹೇಳಿಕೊಂಡರೆ ಏನು ಬಂತು!" ಒಂದು ಹಿಡಿ ಅವರೆಕಾಳು ತೆಗೆದು ಅವನ ಅಂಗೈಗೆ ಸುರಿದಳು. ಬೆರಳ ಸಂದಿಯಿಂದ ಕಾಳು ಚೆಲ್ಲಿದವು. "ನೋಡು. ಬಿಡಿಬಿಡಿಯಾಗಿ ಹಿಡಿದರೆ ಚೆಲ್ಲುತ್ತೆ. ಅದಕ್ಕೇ ಗಂಟು ಕಟ್ಟಬೇಕು. ಬರಬೇಕಾದವರದ್ದೆಲ್ಲ ಒಂದು ಗಂಟು. ತರಬೇಕಾದ್ದೆಲ್ಲ ಒಂದು ಗಂಟು. ದಿನ ಒಂದು ಗಂಟು. ಎಷ್ಟೇ ಕಾಳಿರಲಿ, ಮೂರು ಗಂಟಾದರೆ ಯಾರು ಬೇಕಾದರೂ ಹೊರಬಹುದು. ತಿಳೀತಾ?"

"ತಿಳೀತು ಅವ್ವ! ಮೂರು ಗಂಟು!"

ಮೂರನೆಯದು ಜವಳಿ ತೆಗೆಯುವ ಕರೆ. ಬುಧವಾರ ಪೇಟೆಗೆ ಹೋಗಬೇಕು. ಸೂರಯ್ಯಜ್ಜ, ಸೋದರತ್ತೆ, ಹುಡುಗನ ತಾಯಿ, ಮುತ್ತಜ್ಜಿ ಮಾರಜ್ಜಿ, ಎಲ್ಲರೂ ಬರಬೇಕು. ಕುಪ್ಪಸದ ಅಳತೆ ತರಬೇಕು, ಹುಡುಗನ ಅಂಗಿಯ ಅಳತೆ ತರಬೇಕು, ಅರಿಶಿನ ಕುಂಕುಮ ತರಬೇಕು.

ಕಂಬಳಿ ಹೆಗಲಿಗೆ, ಕೋಲು ಕೈಗೆ, ಕರೆ ಎಲ್ಲಿಗೆ? ಅದು ಅಲ್ಲಿ ಹೋದ ಮೇಲೆ ಕಟ್ಟಿದರಾಯಿತು ಅಂದುಕೊಂಡ ಪಾಲಯ್ಯ. ತಲೆ ಹಗುರವಾಗಿತ್ತು. ದಾರಿಯುದ್ದಕ್ಕೂ ಹಾಯಾಗಿ ಚಿಟ್ಟೆ ನೋಡುತ್ತ ಹೋದ.

"ಕರೆ ಬಂದಿದೆ!"

ಎಲ್ಲರೂ ಬಂದು ನಿಂತರು. ಪಾಲಯ್ಯ ಅಂಗಳದಲ್ಲಿ ಕಂಬಳಿ ಹಾಸಿದ.

"ಬರಬೇಕಾದವರೆಲ್ಲ ಇದರಲ್ಲಿ ಕೂತ್ಕೊಳ್ಳಿ."

"ಯಾಕಪ್ಪಾ?"

"ಗಂಟು ಕಟ್ಟಬೇಕು."

ಸೂರಯ್ಯಜ್ಜ ಹಿಂದೆ ಸರಿದ. ಸೋದರತ್ತೆ ಸೆರಗು ಬಾಯಿಗಿಟ್ಟುಕೊಂಡಳು. ಮಾರಜ್ಜಿ ಮಾತ್ರ ಗೋಡೆ ಹಿಡಿದು ಹಿಡಿದು ಬಂದು ಕಂಬಳಿಯ ನಡುವೆ ಕೂತೇಬಿಟ್ಟಳು. "ಕಟ್ಟಪ್ಪ, ಕಟ್ಟು. ಬಿಗಿಯಾಗಿ ಕಟ್ಟು. ಈ ಹೊಸ್ತಿಲು ದಾಟಿ ಎಷ್ಟು ಕಾಲ ಆಯ್ತೋ! ಇವರ್ಯಾರೂ ನನ್ನನ್ನ ಎಲ್ಲಿಗೂ ಹೊತ್ಕೊಂಡು ಹೋಗೋದಿಲ್ಲ."

ಪಾಲಯ್ಯ ನಾಲ್ಕು ಮೂಲೆ ಸೇರಿಸಿ ಕಟ್ಟಿದ. ಮುಖವೊಂದು ಹೊರಗಿರುವ ಹಾಗೆ ಬೆನ್ನಿಗೆ ಹಾಕಿಕೊಂಡು, "ಕರೆ ಮುಗೀತು" ಅಂದ. ನಡೆದ. ಮುದುಕಿ ಆಕಾಶ ನೋಡುತ್ತ ಬಂದಳು.

"ಪಾಲಯ್ಯಾ, ಆ ಮೋಡ ನೋಡಿದೆಯಾ?"

"ನೋಡಿದೆ ಅಜ್ಜಿ. ನಿದ್ದೆ ಬಂದ ಎಮ್ಮೆ ಹಾಗಿದೆ."

"ಎಮ್ಮೆಯಲ್ಲ ಕಣೋ, ನಮ್ಮ ಯಜಮಾನರು. ಹಾಗೇ ಮಗ್ಗುಲಾಗಿ ಮಲಗ್ತಿದ್ರು."

ಪಾಲಯ್ಯ ತಲೆಯೆತ್ತಿ ನೋಡಿದ. ಹೌದು, ಯಜಮಾನರೇ! ಇಬ್ಬರೂ ಮೋಡ ನೋಡುತ್ತಲೇ ಒಂದಷ್ಟು ದೂರ ಹೋದರು. ಅಜ್ಜಿಗೆ ಜೋಂಪು ಹತ್ತಿತು.

ಗೌಡನ ಅಂಗಳದಲ್ಲಿ ಗಂಟು ಬಿಚ್ಚಿದ. ಮಾರಜ್ಜಿ ಕಣ್ಣುಜ್ಜಿಕೊಂಡು ಎದ್ದಳು. "ಜವಳಿ ಅಂಗಡಿ ಬಂತಾ?"

"ಇದೇನಲೇ ಇದು!" ಗೌಡ ಕಿರುಚಿದ.

"ಒಂದನೇ ಗಂಟು ಗೌಡ್ರೇ. ಉಳಿದವರು ಹಿಡಿಸಲಿಲ್ಲ."

ಮಾರಜ್ಜಿಯನ್ನು ಗಾಡಿಯಲ್ಲಿ ಹಿಂದಕ್ಕೆ ಕಳಿಸಿ, ಗೌಡ ಆ ಸಂಜೆಯೇ ಬೊಮ್ಮಕ್ಕನ ಮನೆಗೆ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ವಾಸಿಯೆನಿಸುತ್ತಿತ್ತು. "ಬೊಮ್ಮಕ್ಕ, ಇನ್ನು ಒಂದೇ ಕರೆ. ಮಾತು ಅಂದರೆ ಮಾತು. ನಾಳೆ ಬೆಳಗ್ಗೆ ಬರ್ತೀನಿ. ಅದೂ ಕೆಟ್ಟರೆ ಕೋಲು ಇಟ್ಟುಬಿಡಿ." ಅಷ್ಟು ಹೇಳಿ ಹೋದ.

ಬೊಮ್ಮಕ್ಕ ಬೈಯಲಿಲ್ಲ. ಕೋಲನ್ನು ಮಡಿಲಲ್ಲಿಟ್ಟುಕೊಂಡು ಹರಳೆಣ್ಣೆ ಹಚ್ಚುತ್ತ ಕೂತಳು. ಗಂಡನ ಕೈ ಹಿಡಿದು ಹಿಡಿದು ಸವೆದ ಜಾಗಕ್ಕೆ ಎರಡು ಸಲ ಹಚ್ಚಿದಳು.

"ಅಳ್ತಿದೀಯಾ ಅವ್ವ?"

"ಇಲ್ಲ ಕಣೋ. ಎಣ್ಣೆ."

ಪಾಲಯ್ಯ ನೋಡಿದ. ಎಣ್ಣೆ ಕೈಯಲ್ಲಿತ್ತು, ಕಣ್ಣಲ್ಲಿರಲಿಲ್ಲ. ಅವನ ತಲೆಯಲ್ಲಿದ್ದ ಗಾಳಿ, ಹಕ್ಕಿಯ ಹೆಜ್ಜೆ, ಮೋಡ ಎಲ್ಲ ಒಂದೊಂದಾಗಿ ಹೊರಟುಹೋದವು. ಅವ್ವನ ಮುಖ ಒಂದೇ ಉಳಿಯಿತು.

"ಅವ್ವ, ನಾಳೆ ಏನು ಮಾಡಲಿ ಹೇಳು. ಹೇಳಿದ ಹಾಗೇ ಮಾಡ್ತೀನಿ."

"ಅದೇ ನನಗೆ ಭಯ!" ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಮಗಾ, ಎಲ್ಲ ಮರೀತೀಯಲ್ಲ, ಕರೇಕಲ್ಲಿನ ದಾರಿ ಯಾವತ್ತಾದರೂ ಮರೆತಿದ್ದೀಯಾ?"

"ಅದನ್ನ ಹೇಗೆ ಮರೆಯೋದು? ಮೊದಲು ನಮ್ಮ ಹೊಸ್ತಿಲು. ಆಮೇಲೆ ಸೇದುವ ಬಾವಿ. ಆಮೇಲೆ ಜೋಡಿಬೇವು. ಹಳ್ಳದ ಬಂಡೆ. ಕರೇಕಲ್ಲಿನ ಅಗಸೆ ಬಾಗಿಲು."

"ನೋಡಿದೆಯಾ! ನಿಮ್ಮಪ್ಪ ಮಾಡ್ತಿದ್ದದ್ದೂ ಅದೇ. ಒಂದೊಂದು ಮಾತನ್ನ ಒಂದೊಂದು ಜಾಗದಲ್ಲಿ ಇಡಬೇಕು. ಮೊದಲನೇ ಮಾತು ಹೊಸ್ತಿಲಲ್ಲಿ, ಎರಡನೇದು ಬಾವಿ ಹತ್ತಿರ, ಹಾಗೇ. ಅಲ್ಲಿ ಹೋಗಿ ಕಣ್ಣು ಮುಚ್ಚಿ, ಬಂದ ದಾರೀಲೇ ಹಿಂದಕ್ಕೆ ನಡೆದರೆ, ಇಟ್ಟದ್ದೆಲ್ಲ ಇಟ್ಟಲ್ಲೇ ಸಿಗುತ್ತೆ. ತಿಳೀತಾ?"

"ಯಾರೂ ಎತ್ಕೊಂಡು ಹೋಗೋದಿಲ್ವಾ?"

"ಇಲ್ಲಪ್ಪ. ಮಲಗು."

ಬೆಳಗ್ಗೆ ಗೌಡ ಬಂದ. ಹೊಸ್ತಿಲ ಮುಂದೆ ನಿಂತು, ಒಂದೊಂದು ಮಾತನ್ನೂ ಅಳೆದು ಹೇಳಿದ. "ಬರೋ ಹುಣ್ಣಿಮೆಯ ಮಾರನೇ ದಿನ ಧಾರೆ. ಗಂಡಿನ ಕಡೆಯವರು ಹಿಂದಿನ ಸಂಜೇನೇ ಬಂದು ಇಳೀಬೇಕು. ತಾಳಿ ಕಾಲುಂಗುರ ಅವರದು. ವಾದ್ಯ ನಮ್ಮದು. ಮಾರಜ್ಜಿಗೆ ಗಾಡಿ ಕಳಿಸ್ತೀವಿ, ಯಾರೂ ಹೊರೋದು ಬೇಡ."

ಕಂಬಳಿ ಹೆಗಲಿಗೆ, ಕೋಲು ಕೈಗೆ. ಪಾಲಯ್ಯ ಬಗ್ಗಿ ಹೊಸ್ತಿಲ ಪಕ್ಕದ ನೆಲ ಮುಟ್ಟಿದ. "ಬರೋ ಹುಣ್ಣಿಮೆಯ ಮಾರನೇ ದಿನವೇ, ನೀನು ಇಲ್ಲಿರು" ಅಂದ. ಬಾವಿಯ ಹತ್ತಿರ ಹಿಂದಿನ ಸಂಜೆಯನ್ನು ಇಟ್ಟ. ಜೋಡಿಬೇವಿನ ಕೆಳಗೆ ತಾಳಿ ಕಾಲುಂಗುರ ಇಟ್ಟ. ಹಳ್ಳದ ಬಂಡೆಯ ಮೇಲೆ ವಾದ್ಯ ಇಟ್ಟು, ಬಿಸಿಲು ತಾಗದಿರಲೆಂದು ಒಂದು ಎಲೆ ಮುಚ್ಚಿದ. ಅಗಸೆ ಬಾಗಿಲಲ್ಲಿ ಗಾಡಿ ನಿಲ್ಲಿಸಿದ. ಒಂದೊಂದು ಇಟ್ಟ ಹಾಗೆ ತಲೆಯಲ್ಲಿ ಒಂದೊಂದು ಗೂಟ ಖಾಲಿಯಾಯಿತು. ಮೋಡ ಬಂತು, ಗಾಳಿ ಬಂತು. ಬರಲಿ! ಈಗ ಯಾರೂ ಹೊರಗೆ ಹೋಗಬೇಕಾಗಿರಲಿಲ್ಲ.

"ಕರೆ ಬಂದಿದೆ!"

ಸೂರಯ್ಯಜ್ಜನ ಮನೆಯವರೆಲ್ಲ ಬಂದು ನಿಂತರು. ಸೊಸೆಯ ಕೈಯಲ್ಲಿ ರೊಟ್ಟಿಯ ಹಿಟ್ಟು. ಹುಡುಗನ ಚಿಕ್ಕಪ್ಪನಿಗೆ ಅರ್ಧ ಮುಖ ಕ್ಷೌರವಾಗಿತ್ತು, ಅರ್ಧ ನೊರೆಯಿತ್ತು.

ಪಾಲಯ್ಯ ಕಣ್ಣು ಮುಚ್ಚಿದ. ಹಿಂದಕ್ಕೆ ತಿರುಗಿದ. ಕೋಲು ಕುಟ್ಟುತ್ತ ಬಂದ ದಾರಿಯಲ್ಲೇ ನಡೆದ.

"ಎಲ್ಲಿಗಪ್ಪಾ? ಕರೆ ಎಲ್ಲಿ?"

ಪಾಲಯ್ಯ ನಡೆದೇ ನಡೆದ.

"ಅಪ್ಪಾ, ಏನು ಮಾಡೋಣ?" ಅಂದ ನೊರೆಯ ಚಿಕ್ಕಪ್ಪ.

"ಮಾಡೋದೇನು! ಕರೆ ಶುರುವಾಗಿದೆ. ಮುಗಿಯೋವರೆಗೂ ಅವನನ್ನ ಬಿಟ್ಟು ಹೋಗೋ ಹಾಗಿಲ್ಲ. ನಡೀರಿ!" ಅಂದ ಸೂರಯ್ಯಜ್ಜ.

ಎಲ್ಲರೂ ನಡೆದರು. ಮಾರಜ್ಜಿಯನ್ನು ಮದುವೆಯ ಹುಡುಗನೇ ಬೆನ್ನಿಗೆ ಹಾಕಿಕೊಂಡ.

ಅಗಸೆ ಬಾಗಿಲಲ್ಲಿ ಪಾಲಯ್ಯ ನಿಂತ. ಅವನಿಗೇ ಆಶ್ಚರ್ಯ! ಇಟ್ಟ ಮಾತು ಇಟ್ಟಲ್ಲೇ, ಕರುವಿನ ಹಾಗೆ ಇವನನ್ನೇ ಕಾಯುತ್ತ ನಿಂತಿತ್ತು. "ಮಾರಜ್ಜಿಗೆ ಗಾಡಿ ಕಳಿಸ್ತೀವಿ, ಯಾರೂ ಹೊರೋದು ಬೇಡ!"

"ಈಗ ಹೇಳ್ತಾನೆ!" ಅಂದ ಹುಡುಗ, ಅಜ್ಜಿಯನ್ನು ಮೇಲೆತ್ತಿಕೊಳ್ಳುತ್ತ.

ಬಂಡೆಯ ಹತ್ತಿರ ಎಲೆ ಎತ್ತಿದ. "ವಾದ್ಯ ನಮ್ಮದು!" ಬೇವಿನ ಕೆಳಗೆ, "ತಾಳಿ ಕಾಲುಂಗುರ ನಿಮ್ಮದು!" ಅಷ್ಟು ಹೊತ್ತಿಗೆ ಯಾರೂ ಗೊಣಗುತ್ತಿರಲಿಲ್ಲ. ಸೊಸೆಯ ಕೈಯ ಹಿಟ್ಟು ಒಣಗಿತ್ತು, ಚಿಕ್ಕಪ್ಪನ ಮುಖದ ನೊರೆ ಒಣಗಿತ್ತು. ಬಿಸಿಲು ಇಳಿದು ನೆರಳುಗಳು ಉದ್ದವಾಗಿ ಅವರ ಜೊತೆ ನಡೆಯುತ್ತಿದ್ದವು. ಮುಂದೆ ಕಣ್ಣು ಮುಚ್ಚಿದ ಒಬ್ಬ, ಹಿಂದೆ ಕಣ್ಣು ಬಿಟ್ಟ ಅಷ್ಟೂ ಮಂದಿ, ಕನಸಲ್ಲಿ ನಡೆಯುವವರ ಹಾಗೆ. ಬಾವಿಯ ಹತ್ತಿರ, "ಹಿಂದಿನ ಸಂಜೇನೇ ಬಂದು ಇಳೀಬೇಕು!"

"ಯಾವುದರ ಹಿಂದಿನ ಸಂಜೆ?" ಅಂದಳು ಸೋದರತ್ತೆ.

"ಅದು ಮುಂದಿದೆ" ಅಂದ ಪಾಲಯ್ಯ.

ಹೊತ್ತು ಮುಳುಗುವಾಗ ಬೊಮ್ಮಕ್ಕ ಹೊಸ್ತಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. ಮಗ ಬಂದ. ಮಗನ ಹಿಂದೆ ಬೀಗರ ಮನೆಗೆ ಮನೆಯೇ ಬಂತು! ಮುಗೀತು, ಕೋಲು ಹೋಯಿತು ಅಂದುಕೊಂಡಳು.

ಪಾಲಯ್ಯ ಹೊಸ್ತಿಲ ಪಕ್ಕದ ನೆಲ ಮುಟ್ಟಿದ. "ಬರೋ ಹುಣ್ಣಿಮೆಯ ಮಾರನೇ ದಿನ ಧಾರೆ! ಕರೆ ಮುಗಿಯಿತು!" ಅಂದು ಕಣ್ಣು ಬಿಟ್ಟ.

ಸುದ್ದಿ ಕೇಳಿ ಗೌಡ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಓಡಿ ಬಂದ, ಹಿಂದೆಯೇ ಗೌಡತಿ ಮತ್ತು ಮನೆಮಂದಿ. "ಇದೇನು ಸೂರಯ್ಯನವರೇ! ಹುಣ್ಣಿಮೆ ಇನ್ನೂ ಎಲ್ಲಿದೆ? ಇವತ್ತೇ ಬಂದುಬಿಟ್ರಲ್ಲ!"

"ನಾವೆಲ್ಲಿ ಬಂದ್ವಿ ಗೌಡ್ರೇ?" ಸೂರಯ್ಯಜ್ಜ ಧೂಳು ಕೊಡವಿದ. "ಕರೆ ಕೇಳ್ತಾ ಇದ್ವಿ. ಅದು ಇಲ್ಲಿ ಬಂದು ಮುಗೀತು."

"ಒಂದು ಮಾತಾದರೂ ಬಿಟ್ಟನೇ?"

"ಒಂದೂ ಇಲ್ಲ. ಸಾಯೋವರೆಗೂ ನಮಗ್ಯಾರಿಗೂ ಮರೆಯೋದೂ ಇಲ್ಲ. ವಾದ್ಯ ಅಂದರೆ ನನ್ನ ಕಣ್ಣಿಗೆ ಆ ಬಂಡೇನೇ ಬರುತ್ತೆ!"

ಗೌಡ ಹಲ್ಲು ಕಚ್ಚಿದ. ಸಿಟ್ಟು ಬಂದಿತ್ತು. ಆದರೆ ಆಡಿದ ಮಾತು ತಪ್ಪುವ ಮನುಷ್ಯನಲ್ಲ. "ಕರೆ ಪೂರ್ತಿ ಮುಟ್ಟಿದೆ. ಬೊಮ್ಮಕ್ಕ, ಕೋಲು ನಿಮ್ಮನೇಲೇ ಇರಲಿ" ಅಂದ.

ಬೊಮ್ಮಕ್ಕ ಮಗನ ಕೈಯಲ್ಲಿದ್ದ ಕೋಲಿಗೆ ಹಾಗೇ ಹಣೆ ಹಚ್ಚಿದಳು. ಅಲ್ಲಿಗೆ ಕತೆ ನಿಂತಿದ್ದರೆ ಅವಳಿಗೆ ಎಷ್ಟು ಚೆನ್ನಾಗಿತ್ತು!

ಕರೆಗೆ ಮಾರುತ್ತರ ಕೊಡಬೇಕಲ್ಲ. ಅದನ್ನು ತಲುಪಿಸುವುದೂ ಕರೆಯವನ ಕೆಲಸವೇ. ಸೂರಯ್ಯಜ್ಜ ಪಾಲಯ್ಯನಿಗೆ ಹೇಳಿದ, "ಬರ್ತೀವಿ ಅನ್ನು. ಹಿಂದಿನ ಸಂಜೇನೇ ಇಳೀತೀವಿ. ತಾಳಿ ಕಾಲುಂಗುರ ತರ್ತೀವಿ. ನಮ್ಮಮ್ಮನಿಗೆ ಗಾಡಿ ಒಪ್ಪಿಗೆ."

"ಗೌಡ್ರು ಇಲ್ಲೇ ನಿಂತಿದ್ದಾರಲ್ಲ! ಹೇಳಿಬಿಡೋ ಮಗಾ!" ಅಂದಳು ಬೊಮ್ಮಕ್ಕ.

ಪಾಲಯ್ಯ ಗೌಡನ ಮುಂದೆ ಕೋಲು ಊರಿದ. "ಮಾರುತ್ತರ ಬಂದಿದೆ!" ಅಂದ. ತಿರುಗಿ ಬಾವಿಯ ಕಡೆ ಹೊರಟ.

"ಎಲ್ಲಿಗಲೇ?"

"ಇಟ್ಟು ಬರಬೇಕಲ್ಲ ಗೌಡ್ರೇ! ಇಡದೆ ಎತ್ತಿಕೊಳ್ಳೋದು ಹೇಗೆ?"

ಗೌಡ ಬೀಗರ ಮುಖ ನೋಡಿದ. ಬೀಗರು ಗೌಡನ ಮುಖ ನೋಡಿದರು. ಮಾರುತ್ತರ ಶುರುವಾಗಿಬಿಟ್ಟಿತ್ತು. ಮಾರುತ್ತರಕ್ಕೂ ಅದೇ ಕಟ್ಟಳೆ, ಕಟ್ಟಳೆ ಅಂದರೆ ಕಟ್ಟಳೆ. ಗೌಡ ಒಂದೇ ಚಪ್ಪಲಿಯಲ್ಲಿ ಪಾಲಯ್ಯನ ಹಿಂದೆ ನಡೆದ. ಗೌಡನ ಹಿಂದೆ ಗೌಡತಿ, ಹೇಗೂ ಮನೆಗೆ ಹೋಗಬೇಕಾದ ಬೀಗರು ಅವರ ಹಿಂದೆ. ತಿಳಿಗತ್ತಲಲ್ಲಿ ಎರಡೂ ಮನೆಯವರು ಸಾಲಾಗಿ ಕರೇಕಲ್ಲಿನ ದಾರಿ ಹಿಡಿದರು.

ದೂರದಿಂದ ಪಾಲಯ್ಯ ಕೂಗಿದ, "ಅವ್ವಾ! ಧಾರೆಯ ದಿನ ಅಲ್ಲೇ ಹೊಸ್ತಿಲ ಪಕ್ಕ ಇದೆ! ಕೋಳಿ ಕುಕ್ಕದ ಹಾಗೆ ನೋಡ್ಕೋ!"

"ನಿನ್ನ ತಲೆ!" ಬೊಮ್ಮಕ್ಕ ಕೂಗಿದಳು. "ಮಾತನ್ನ ಯಾವ ಕೋಳಿ ಕುಕ್ಕುತ್ತೋ, ದಡ್ಡ ಮುಂಡೇದೇ!"

ಕೋಲಿನ ಸದ್ದು ಬಾವಿ ದಾಟಿತು. ಗೂಡಿಗೆ ಹೊರಟ ಒಂದು ಕೋಳಿ ಹೊಸ್ತಿಲ ಪಕ್ಕ ಬಂದು ನಿಂತು, ಕತ್ತು ಓರೆ ಮಾಡಿ ನೆಲ ನೋಡಿತು.

"ಹುಶ್!" ಅಂದಳು ಬೊಮ್ಮಕ್ಕ. ಕೋಳಿ ಅಲ್ಲೇ ನಿಂತಿತ್ತು. ಬೊಮ್ಮಕ್ಕ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಯಾರೂ ಇರಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಒಳಗಿನಿಂದ ಒಂದು ಬುಟ್ಟಿ ತಂದು, ಆ ಜಾಗದ ಮೇಲೆ ಮೆಲ್ಲಗೆ ಕವುಚಿ ಹಾಕಿದಳು.